ಹೊತ್ತು ಮುಳುಗುವ ಮುಂಚಿನ ಒಲೆ

ಬ್ರಾಹ್ಮಿಗೆ ಇಬ್ಬರು ಸಾಹೇಬರು. ಒಬ್ಬರು ಖಾನಾಪುರದ ಹೆಂಚಿನ ಕಾರ್ಖಾನೆಯ ಮಾಲಕರು, ಇನ್ನೊಬ್ಬ ಸೂರ್ಯ. ಮಾಲಕರ ಮುಂದೆ ತಲೆನೋವು, ಮಗಳಿಗೆ ಜ್ವರ ಎಂದು ಏನಾದರೂ ಹೇಳಿ ಪಾರಾಗಬಹುದು. ಸೂರ್ಯನ ಹತ್ತಿರ ಯಾವ ನೆವವೂ ನಡೆಯುವುದಿಲ್ಲ. ಚಳಿಗಾಲದಲ್ಲಂತೂ ಅವನು ಬೇರೆಯವರನ್ನು ದುಡಿಯಲು ಬಿಟ್ಟು ತಾನು ಬೇಗ ಮನೆಗೆ ಹೊರಟುಬಿಡುವ ಜಾತಿಯ ಸಾಹೇಬ.

ಈ ಎರಡನೆಯ ಸಾಹೇಬನ ಕಾಟಕ್ಕೆ ಕಾರಣ ಅತ್ತೆ ಜಿನಮತಿಯ ನೇಮ. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಜೈನರ ಮನೆಗಳಲ್ಲಿ ಇದೇನು ಹೊಸದಲ್ಲ. ಆದರೆ ಗಂಡ ನೇಮಣ್ಣ ತೀರಿಕೊಂಡ ವರ್ಷ ಅವರು ಬಸದಿಯಲ್ಲಿ ಮುನಿಗಳ ಮುಂದೆ ಕೈಮುಗಿದು ಇನ್ನೂ ಬಿಗಿಯಾದ ನೇಮ ಹಿಡಿದರು. ಬೆಳಿಗ್ಗೆ ಮಾಡಿಟ್ಟದ್ದು ಸಂಜೆಗೆ ಸಲ್ಲದು, ಮನೆಯವರಲ್ಲದವರು ಮಾಡಿದ್ದು ಯಾವ ಹೊತ್ತಿಗೂ ಸಲ್ಲದು. ಅಂದರೆ ಸಂಜೆ ಮನೆಯವರೇ ಯಾರಾದರೂ ಬಿಸಿ ರೊಟ್ಟಿ ತಟ್ಟಬೇಕು, ಅದೂ ಸೂರ್ಯ ಇರುವಾಗಲೇ. ಮನೆಯವರು ಎಂದರೆ ಯಾರು? ಅತ್ತೆ ಕಾಲುನೋವಿನಿಂದ ಅಡುಗೆ ಬಿಟ್ಟು ವರ್ಷಗಳಾಗಿದ್ದವು. ಬ್ರಾಹ್ಮಿಯ ಗಂಡ ಸುಯಶ ಉದ್ಯಮಬಾಗದ ಫೌಂಡ್ರಿಯಿಂದ ಬರುವುದು ಕತ್ತಲಾದ ಮೇಲೆ. ಬೇಗ ಬಂದರೂ ಅವನ ಕೈಯ ರೊಟ್ಟಿ ಗೋವಾದ ನಕಾಶೆಯ ಹಾಗೆ ಇರುತ್ತಿತ್ತು. ಮಗಳು ಇನ್ನೂ ಎರಡನೆಯ ಇಯತ್ತೆ. ಉಳಿದವಳು ಬ್ರಾಹ್ಮಿ.

ಅವಳು ಮಾಲಕರನ್ನು ಕಾಡಿ ಬೇಡಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಬರುವ, ಸಂಜೆ ಎಲ್ಲರಿಗಿಂತ ಮೊದಲು ಬಿಡುವ ಒಪ್ಪಂದ ಮಾಡಿಕೊಂಡಿದ್ದಳು. ಹೆಂಚಿನ ಲಾರಿಗಳ ಲೆಕ್ಕ ಅವಳದು. ಲಾರಿ ತುಂಬುವುದು ತಡವಾದರೆ ಅವಳೂ ತಡ. ಸ್ಟೇಷನ್ನಿಗೆ ಓಡುವುದು, ರೈಲು ಹೋಗಿದ್ದರೆ ಬಸ್ ಸ್ಟ್ಯಾಂಡಿಗೆ ಓಡುವುದು. ರೈಲಿನಲ್ಲಿ ಯಾವತ್ತೂ ಎಡಗಡೆಯ ಕಿಟಕಿ, ಯಾಕೆಂದರೆ ಸೂರ್ಯ ಆ ಕಡೆ. ಇದಲಹೊಂಡದ ಸ್ಟೇಷನ್ನಿನಲ್ಲಿ ಅವನು ಮರಗಳ ಮೇಲಿದ್ದರೆ ರೊಟ್ಟಿ, ಪಲ್ಯ, ಸಾರು ಮೂರೂ ಆಗುತ್ತವೆ. ಮರಗಳ ನಡುವೆ ಇದ್ದರೆ ರೊಟ್ಟಿ, ಪಲ್ಯ. ದೇಸೂರಿನ ಹೊತ್ತಿಗೆ ಕೆಂಪಾಗಿದ್ದರೆ ಅತ್ತೆಗೆ ಉಪವಾಸ.

ಉಪವಾಸದ ದಿನ ಜಿನಮತಿ ಜಗಳವಾಡಿದ್ದರೆ ಬ್ರಾಹ್ಮಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಜಗಳವಾಡುವವರೇ ಅಲ್ಲ. ಅನಗೋಳದ ತಮ್ಮ ಫ್ಲ್ಯಾಟಿನ ಪಶ್ಚಿಮದ ಬಾಲ್ಕನಿಯಲ್ಲಿ ಕೂತು, ಕೊನೆಯ ಬೆಳಕಿನಲ್ಲಿ ಒಂದು ತಂಬಿಗೆ ನೀರು ಕುಡಿದು, ತಂಬಿಗೆಯನ್ನು ಬೋರಲು ಹಾಕುತ್ತಿದ್ದರು. ಸೊಸೆ ಏದುಸಿರು ಬಿಡುತ್ತ ಒಳಗೆ ಬಂದರೆ ಒಂದೇ ಮಾತು.

"ನನಗ ಹಸಿವಿಲ್ಲ ಬಿಡ. ನೀ ಕೈಕಾಲ ತೊಳಕೋ."

ಬೋರಲು ಬಿದ್ದ ಆ ತಂಬಿಗೆಯನ್ನು ನೋಡಿದರೆ ಬ್ರಾಹ್ಮಿಗೆ ಮೈ ಉರಿಯುತ್ತಿತ್ತು. ಮುದುಕಿ ನನ್ನನ್ನು ಬಾಯಿ ಬಿಡದೆ ಬಯ್ಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು. ಮರುಕ್ಷಣ, ಹಸಿದ ಮುದುಕಿಯ ಬಗ್ಗೆ ಹೀಗೆ ಯೋಚಿಸಿದೆನಲ್ಲ ಎಂದು ತನ್ನನ್ನೇ ಬಯ್ದುಕೊಳ್ಳುತ್ತಿದ್ದಳು. ಎರಡೂ ಬೈಗುಳ ಅವಳೊಬ್ಬಳಿಗೇ.

ಈ ಸಲದ ಚಳಿಗಾಲದಲ್ಲಿ ಒಂದೇ ವಾರದಲ್ಲಿ ಎರಡು ಸಲ ತಂಬಿಗೆ ಬೋರಲು ಬಿತ್ತು. ಆ ಭಾನುವಾರ ಚಹಾ ಸೋಸುತ್ತ ಬ್ರಾಹ್ಮಿ ಗಂಡನಿಗೆ ಹೇಳಿಬಿಟ್ಟಳು.

"ನಾ ನೌಕರಿ ಬಿಡತೀನಿ. ಇನ್ನ ನನ್ನ ಕೈಲೆ ಆಗೂದಿಲ್ಲ."

ಆ ನೌಕರಿ ಅವಳಿಗೆ ಸುಮ್ಮನೆ ಸಿಕ್ಕದ್ದಲ್ಲ. ಲಾರಿ ಚಾಲಕರು, ಹಮಾಲರು, ಮೇಸ್ತ್ರಿಗಳು ಎಲ್ಲರೂ "ಬ್ರಾಹ್ಮಿ ಮ್ಯಾಡಮ್ಮರ್ನ ಕೇಳ್ರಿ" ಎನ್ನುವ ಜಾಗ ಅದು. ಜಗತ್ತಿನಲ್ಲಿ ಅವಳನ್ನು ಕೇಳಿ ಕೆಲಸ ಮಾಡುವ ಜಾಗ ಅದೊಂದೇ. ಅದನ್ನು ಬಿಡುತ್ತೇನೆ ಎನ್ನುವಾಗ ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬರೀ ದಣಿವಿತ್ತು. ಅದಕ್ಕೇ ಸುಯಶ ಹೆದರಿದ.

ಹೆದರಿದ ಗಂಡಸು ಮೊದಲು ಮಾಡುವ ಕೆಲಸ ಯಂತ್ರ ಹುಡುಕುವುದು. ಕಟ್ಟಡಕ್ಕೆ ಅದೇ ತಿಂಗಳು ಪೈಪ್ ಗ್ಯಾಸ್ ಬರುವುದಿತ್ತು, ಹೇಗೂ ಒಲೆಯನ್ನು ಅದಕ್ಕೆ ಹೊಂದಿಸಬೇಕು, ಇಲ್ಲವೇ ಬದಲಿಸಬೇಕಿತ್ತು.

"ನಾಕ ಒಲಿದು ತರೂಣು," ಅಂದ. "ಒಂದರಾಗ ರೊಟ್ಟಿ, ಒಂದರಾಗ ಪಲ್ಯಾ, ಒಂದರಾಗ ಸಾರು, ಒಂದರಾಗ ಅನ್ನ. ಎಲ್ಲಾ ಒಮ್ಮೇಲೆ. ಅರ್ಧಾ ಟೈಮ್ ಉಳೀತದ ನಿಂದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ. ಒಲೆ ನಾಲ್ಕಾದರೆ ಬ್ರಾಹ್ಮಿಯ ಕೈ ನಾಲ್ಕಾಗುತ್ತವೆಯೇ? ಲಾರಿ ಬೇಗ ತುಂಬುತ್ತದೆಯೇ? ಆದರೆ ವಾದ ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕು. ಅವಳು "ಹೂಂ" ಅಂದಳು. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೂವರೂ ಆಟೋ ಹತ್ತಿ ಖಡೇಬಜಾರಿನ ಅಂಗಡಿಗೆ ಹೋದರು. ಜಿನಮತಿಯನ್ನು ಕರೆದದ್ದು ಮರ್ಯಾದೆಗೆ. ಅವರು ಬರುತ್ತೇನೆ ಎಂದದ್ದು ಎಲ್ಲರಿಗೂ ಸೋಜಿಗವಾಯಿತು.

ಅಂಗಡಿಯ ರೋಹನ ಮಾತಿನ ಮಲ್ಲ. "ಬರ್ರಿ, ಬರ್ರಿ, ಕುಂದರ್ರಿ," ಎಂದ. ಕುರ್ಚಿಗಳ ಮೇಲೆಲ್ಲ ಡಬ್ಬಗಳಿದ್ದವು. ಗಾಜಿನ ಒಲೆಗಳನ್ನು ಒಂದೊಂದಾಗಿ ತೋರಿಸಿದ. ಕಡ್ಡಿ ಗೀರದೆ ತಾನೇ ಹೊತ್ತುವುದು, ಗಾಳಿಗೆ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವುದು, ಕಟ್ಟೆಯ ಕಲ್ಲು ಕೊರೆದು ಒಳಗೆ ಕೂರಿಸುವುದು.

"ಇದು ಕಲ್ಲಿನ್ಯಾಗ ಕುಂತರ ಕಿಚನ್ ಏಕದಮ್ ಭಾರಿ ಕಾಣತೈತ್ರಿ ಮ್ಯಾಡಮ್. ಮುಖಾ ನೋಡ್ಕೋಬಹುದು."

ಬ್ರಾಹ್ಮಿ ಗಾಜಿನಲ್ಲಿ ಮುಖ ನೋಡಿಕೊಂಡಳು. ಕಣ್ಣ ಕೆಳಗೆ ಕಪ್ಪು. ಇದರ ಮೇಲೆ ಜೋಳದ ಹಿಟ್ಟು ಉದುರಿದರೆ ಒರೆಸುವವಳೂ ನಾನೇ ಎಂಬುದು ಮೊದಲು ಹೊಳೆಯಿತು.

"ಅಡಗಿ ಮಾಡವ್ರು ಯಾರ್ರಿ?" ರೋಹನ ಕೇಳಿದ. "ಎತ್ತರ ನೋಡಿ ಹೇಳತೀನಿ."

ಸುಯಶ ಹೆಂಡತಿಯನ್ನು ತೋರಿಸಿದ. ರೋಹನ ಅವಳನ್ನು ಮೇಲಿಂದ ಕೆಳಗೆ ಅಳೆದು ಮತ್ತೊಂದು ಒಲೆಯ ಹೊಗಳಿಕೆ ಶುರುಮಾಡಿದ. ಜಿನಮತಿಯ ಕಡೆ ಯಾರೂ ನೋಡಲಿಲ್ಲ. ಅವರಿಗೆ ನಿಂತು ಸಾಕಾಗಿತ್ತು. ಕಾಲಿನ ನರಗಳು ಉಬ್ಬಿ ಗಂಟುಕಟ್ಟಿ, ಬಹಳ ಹೊತ್ತು ನಿಲ್ಲಬೇಡಿ ಎಂದು ಡಾಕ್ಟರು ಹೇಳಿ ಆಗಲೇ ಐದಾರು ವರ್ಷ. ಅದಕ್ಕೇ ಅವರು ಅಡುಗೆ ಬಿಟ್ಟದ್ದು. ಹಾಗಂತ ಮನೆಯವರೆಲ್ಲ ತಿಳಿದಿದ್ದರು.

ಬ್ರಾಹ್ಮಿ ತಿರುಗಿ ನೋಡಿದಾಗ ಅತ್ತೆ ಕಾಣಲಿಲ್ಲ. ಆಮೇಲೆ ಕಂಡರು. ಮೂಲೆಯಲ್ಲಿ ನೆಲದ ಮೇಲೆ, ಕಾಲು ಮಡಚಿ, ಬಸದಿಯಲ್ಲಿ ಪೂಜೆಗೆ ಕೂರುವಂತೆ ನೆಟ್ಟಗೆ ಕೂತಿದ್ದರು. ಅವರ ಮುಂದೆ ಮಾರಾಟವಾಗದೆ ಉಳಿದ ಒಂದು ಸ್ಟೀಲಿನ ಒಲೆ, ರಟ್ಟಿನ ಡಬ್ಬದ ಮೇಲೆ. ಎರಡೇ ಬರ್ನರು. ತಿರುಗಿಸುವ ಬಟನ್ನುಗಳು ಮೇಲಲ್ಲ, ಮುಂದಿನ ಪಟ್ಟಿಯಲ್ಲಿ. ಜಿನಮತಿ ಕೈ ಚಾಚಿ ಬಟನ್ನು ತಿರುವಿದರು. ಬಗ್ಗಿ ಇಲ್ಲದ ಉರಿಯನ್ನು ನೋಡಿದರು. ಆಮೇಲೆ ಬಲಗೈಯನ್ನು ಪಕ್ಕಕ್ಕೆ ಆಡಿಸಿ ರೊಟ್ಟಿಯ ಕಲ್ಲು ಎಲ್ಲಿರಬೇಕು, ಎಡಗೈಯಿಂದ ಹಿಟ್ಟಿನ ಪರಾತ ಎಲ್ಲಿಗೆ ಸಿಗಬೇಕು ಎಂದು ಜಾಗ ನೋಡಿದರು. ಮುಖದಲ್ಲಿ ನೋವಿರಲಿಲ್ಲ, ಕೆಲಸದ ಗಂಭೀರತೆ ಇತ್ತು.

ಬ್ರಾಹ್ಮಿಗೆ ಶಹಾಪುರದ ಹಳೆಯ ಮನೆ ಒಮ್ಮೆಲೇ ನೆನಪಾಯಿತು. ಅಲ್ಲಿ ಒಲೆ ಇದ್ದದ್ದು ಮೊಣಕಾಲೆತ್ತರದ ಕಟ್ಟೆಯ ಮೇಲೆ. ಜಿನಮತಿ ಮಣೆಯ ಮೇಲೆ ಕೂತು ಹತ್ತು ಮಂದಿಗೆ ರೊಟ್ಟಿ ತಟ್ಟುತ್ತಿದ್ದರು. ಬಗ್ಗಿ ಬಗ್ಗಿ ತನಗೆ ಸೊಂಟ ನೋಯುತ್ತದೆ, ನಿಂತು ಮಾಡುವ ಅಡುಗೆಮನೆ ಬೇಕು ಎಂದು ಆಸೆಪಟ್ಟವಳು ಬ್ರಾಹ್ಮಿಯೇ. ಫ್ಲ್ಯಾಟು ಕೊಂಡಾಗ ಅದು ಸಿಕ್ಕಿತು, ಕರಿಕಲ್ಲಿನ ಎತ್ತರದ ಕಟ್ಟೆ. ಅವತ್ತಿನಿಂದ ಅತ್ತೆ ಒಲೆ ಮುಟ್ಟಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಗಾದೆಯಲ್ಲಿ ಮಾತ್ರ ಎಂದು ಅವಳು ತಿಳಿದಿದ್ದಳು.

ಅವಳೂ ಹೋಗಿ ನೆಲದ ಮೇಲೆ ಕೂತಳು.

"ಅತ್ಯಾರ, ಕುಂತರ ನಿಮ್ಮ ಕಾಲ ನೋಯಂಗಿಲ್ಲೇನ್ರಿ?"

"ಕುಂತರ ಯಾಕ ನೋಯತಾವ? ನಿಂತರ ನೋಯತಾವ."

"ಮತ್ತ ಹೇಳಬೇಕಿತ್ತಲ್ರಿ! ನಾ ದಿನಾ ಓಡಿ ಬರತೀನಿ, ನೀವ ಉಪಾಸ ಬೀಳತೀರಿ…"

ಜಿನಮತಿ ಬಟನ್ನನ್ನು ಮೊದಲಿದ್ದ ಜಾಗಕ್ಕೆ ತಿರುವಿದರು.

"ಹೆಂಗ ಹೇಳಲಿ? ನೀ ಆಸೆಪಟ್ಟ ಮಾಡಿಸ್ಕೊಂಡ ಅಡಗಿಮನಿ ಅದು. ಅದರಾಗ ನನಗೊಂದ ಗಿಡ್ಡ ಕಟ್ಟಿ ಕಟ್ಟಿಸ್ರಿ ಅಂದರ, ನೋಡ, ಮುದುಕಿ ತನ್ನ ಹಟಾನ ಸಾಧಸ್ತಾಳ ಅಂತಿದ್ರಿ. ಮುದುಕಿಗೆ ಕೆಲಸ ಸಾಕಾಗೇತಿ ಅಂತ ನೀವ ಬಿಡಿಸೀರಿ ಅಂತ ನಾ ತಿಳಕೊಂಡಿದ್ದೆ." ಒಲೆಯ ಅಂಚಿನ ಧೂಳನ್ನು ಬೆರಳಿನಿಂದ ಒರೆಸುತ್ತ ಸೇರಿಸಿದರು. "ಹಸಿವಿ ಆಗತಿತ್ತ ಖರೇ."

ಆ ಕೊನೆಯ ಮಾತು ಬ್ರಾಹ್ಮಿಯ ಎದೆಗೆ ನಾಟಿತು. ಇಷ್ಟು ವರ್ಷ ಬೈಗುಳ ಎಂದುಕೊಂಡದ್ದು ಬರೀ ಹಸಿವಾಗಿತ್ತು. ಅಂಗಡಿಯ ನೆಲದಲ್ಲಿ, ಡಬ್ಬಗಳ ನಡುವೆ, ಅವಳಿಗೆ ತಲೆ ಎತ್ತಲು ನಾಚಿಕೆಯಾಯಿತು. ಜೊತೆಗೆ ಸಿಟ್ಟೂ ಬಂತು. ಒಂದೇ ಸೂರಿನ ಕೆಳಗಿದ್ದು ಒಬ್ಬರಿಗೊಬ್ಬರು ದಾಕ್ಷಿಣ್ಯ ಮಾಡಿಕೊಂಡು ಎಷ್ಟು ಸಂಜೆಗಳನ್ನು ಹಾಳು ಮಾಡಿಕೊಂಡೆವಲ್ಲ ಎನಿಸಿತು.

"ಇದನ್ನ ಕೊಡ್ರಿ," ಎಂದಳು ರೋಹನನಿಗೆ.

ರೋಹನನ ಮುಖ ಇಳಿಯಿತು. "ಮ್ಯಾಡಮ್, ಅದು ಹಳೇ ಮಾಡಲ್ ರೀ. ಯಾರೂ ಒಯ್ಯೂದಿಲ್ಲ. ಮತ್ತ ನೆಲದ ಬಾಜು ಇಡಾಕ ಬರಂಗಿಲ್ರಿ, ಒಲಿ ಯಾವತ್ತೂ ಸಿಲಿಂಡರ್‌ಕಿಂತ ಮ್ಯಾಲ ಇರಬೇಕು."

"ಸಿಲಿಂಡರ್ ಇಲ್ಲ. ಪೈಪ್ ಗ್ಯಾಸ್ ಬರತೈತಿ," ಎಂದ ಸುಯಶ. ಅವನಿಗೆ ವಿಷಯ ಆಗತಾನೆ ತಿಳಿಯುತ್ತಿತ್ತು. ನಾಲ್ಕು ಬರ್ನರಿನ ಗಾಜಿನ ಒಲೆಯನ್ನು ಮಾತ್ರ ಅವನು ಇನ್ನೊಮ್ಮೆ ಆಸೆಯಿಂದ ನೋಡಿದ. ರೋಹನ ಯೋಚಿಸಿ, ಹಾಗಿದ್ದರೆ ಗಾಳಿ ಆಡುವ ಜಾಗದಲ್ಲಿ ಇಡಿ, ಪೈಪನ್ನು ಗ್ಯಾಸ್ ಕಂಪನಿಯವರಿಂದಲೇ ಹಾಕಿಸಿ ಎಂದು ಹೇಳಿ, ಒಲೆಯ ಧೂಳು ಒರೆಸಿಕೊಟ್ಟ.

ಅಡುಗೆಮನೆಗೆ ಹತ್ತಿದ ಬಾಲ್ಕನಿಯಲ್ಲಿ ಮೊಣಕಾಲೆತ್ತರದ ಕಟ್ಟೆ ಎದ್ದಿತು. ಮನೆಯ ಅಂದ ಕೆಟ್ಟಿತು ಎಂದು ಸುಯಶ ಎರಡು ದಿನ ಗೊಣಗಿದ. ಮೂರನೆಯ ದಿನ ಬಿಸಿ ರೊಟ್ಟಿ ತಿಂದು ಗೊಣಗುವುದನ್ನು ಬಿಟ್ಟ. ಮೇಲಿನ ಕಟ್ಟೆಯ ಹಳೆಯ ಒಲೆಯನ್ನು ಪೈಪ್ ಗ್ಯಾಸಿಗೆ ಹೊಂದಿಸಿ ಅಲ್ಲೇ ಉಳಿಸಿಕೊಂಡರು. ಬೆಳಗಿನ ಅಡುಗೆ ನಿಂತವಳದು, ಸಂಜೆಯದು ಕೂತವರದು. ಇದರಿಂದ ಬ್ರಾಹ್ಮಿಯ ದಣಿವೇನೂ ಓಡಿಹೋಗಲಿಲ್ಲ. ಪಾತ್ರೆ ಅವಳದೇ, ಬಟ್ಟೆ ಅವಳದೇ, ಮಗಳ ಅಭ್ಯಾಸ ಅವಳದೇ. ಕಾಲುಗಳೂ ಕೇಳುತ್ತಿರಲಿಲ್ಲ. ಲೆಕ್ಕದ ಪುಸ್ತಕ ಮುಚ್ಚಿದ ಕೂಡಲೇ ಸ್ಟೇಷನ್ನಿನ ಕಡೆ ಓಡುತ್ತಿದ್ದವು. ಎಡಗಡೆಯ ಕಿಟಕಿಯೂ ಬಿಡಲಿಲ್ಲ.

ಒಂದು ದಿನ ದೊಡ್ಡ ಲಾರಿಯೊಂದು ಪಂಕ್ಚರಾಗಿ ಬಹಳ ತಡವಾಗಿ ತುಂಬಿತು. ಬ್ರಾಹ್ಮಿ ಸ್ಟೇಷನ್ ಮುಟ್ಟುವಾಗ ರೈಲಿನ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮ್ ದಾಟುತ್ತಿತ್ತು. ಬಸ್ ಸ್ಟ್ಯಾಂಡಿಗೆ ಓಡಲು ತಿರುಗಿದವಳಿಗೆ ಎದೆ ಹೊಡೆದುಕೊಂಡು ಉಸಿರು ಸಿಗಲಿಲ್ಲ. ಕಂಬ ಹಿಡಿದು ನಿಂತು ಮನೆಗೆ ಫೋನು ಮಾಡಿದಳು.

"ಅತ್ಯಾರ, ಗಾಡಿ ತಪ್ಪಿತ್ರಿ. ನಾ ಬಸ್ಸಿಗೆ…"

"ನನ್ನ ಊಟ ಆತವಾ," ಎಂದರು ಜಿನಮತಿ. ಹಿಂದೆ ಪರಾತ ತೊಳೆಯುವ ಸದ್ದು. "ಬದನಿಕಾಯಿ ಮಾಡಿದ್ದೆ. ನಿಂದ ತಗದ ಇಟ್ಟೀನಿ. ಓಡಬ್ಯಾಡ. ಸಾವಕಾಶ ಬಾ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಆ ಮನೆಯಿಂದ ಅವಳಿಗೆ ಯಾರೂ ಸಾವಕಾಶ ಬಾ ಎಂದಿರಲಿಲ್ಲ. ಅವಳು ಹತ್ತಿರದ ಕಲ್ಲು ಬೆಂಚಿನ ಮೇಲೆ ಕೂತಳು. ಹಳಿಗಳಾಚೆ, ಮರಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಎಷ್ಟು ಬಾಕಿ ಎಂದು ಅಳೆಯದೆ ಅವಳು ಅವನನ್ನು ಕೊನೆಯವರೆಗೂ ನೋಡಿದಳು.

ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಪ್ರಮಿಳಾ, ಗುಂಜಿಯ ಕಡೆ ಹೋಗುವ ರೈಲಿಗೆ ಬಂದವಳು, ಬೆಂಚಿನ ಮುಂದೆ ನಿಂತಳು. ಎಂದೂ ಕೂತು ಕಾಣದವಳು ಕೂತಿದ್ದಾಳೆ, ಮೇಲಾಗಿ ಅಳುತ್ತಿದ್ದಾಳೆ. ಪ್ರಮಿಳಾ ಗಾಬರಿಯಾದಳು.

"ಯಾಕ ಬ್ರಾಹ್ಮಿ? ಮನ್ಯಾಗ ಏನರ ಆತೇನ?"

"ಏನೂ ಆಗಿಲ್ಲ," ಎಂದು ಬ್ರಾಹ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮತ್ತಿದು ಊಟ ಆತಂತ."