ಜಡೆ ಅಚ್ಚಿನ ಟೈರುಗಳು

ನಮ್ಮ ಮಾವ ಕಾರಿನಲ್ಲೇ ತೀರಿಕೊಂಡರು. ಅಪಘಾತವೇನೂ ಅಲ್ಲ. ಹೊಸಕೋಟೆಯಿಂದ ತಾವೇ ಓಡಿಸಿಕೊಂಡು ನೆಟ್ಟಗೆ ಮನೆಗೆ ಬಂದರು, ಅಂಗಳ ದಾಟಿಸಿ ಕೊಟ್ಟಿಗೆಯೊಳಗೆ ನಿಲ್ಲಿಸಿದರು, ಇಂಜಿನ್ ಆರಿಸಿದರು, ಆಮೇಲೆ ಇಳಿಯಲಿಲ್ಲ. ಒಲೆ ಮುಂದಿದ್ದ ಅತ್ತೆ, "ಗಾಡಿ ಸದ್ದು ನಿಂತು ಎಷ್ಟೊತ್ತಾಯ್ತು. ಯಾಕೆ ಇನ್ನೂ ಇಳಿದಿಲ್ಲ ನೋಡೋಗವ್ವ" ಎಂದು ನನ್ನನ್ನು ಕಳಿಸಿದರು. ಹೋಗಿ ನೋಡಿದೆ. ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಕಣ್ಣುಗಳು ಎದುರಿನ ಮಣ್ಣುಗೋಡೆಯನ್ನೇ ನೋಡುತ್ತಿದ್ದವು. "ಮಾವ, ಮುದ್ದೆ ಆರ್ತದೆ" ಎಂದು ಒಂದು ಸಲ ಕರೆದೆ, ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಕರೆದೆ. ಇವತ್ತಿಗೂ ಊಟಕ್ಕೆ ಯಾರನ್ನಾದರೂ ಎರಡನೇ ಸಲ ಕರೆಯಬೇಕಾಗಿ ಬಂದರೆ ನನ್ನ ಮೈ ಜುಮ್ಮೆನ್ನುತ್ತದೆ.

ಅದು ಯುದ್ಧದ ಕಾಲ. ನಂದಗುಡಿ ಹತ್ತಿರದ ನಮ್ಮ ಊರಿಗೆಲ್ಲ ಇದ್ದದ್ದು ಅದೊಂದೇ ಕಾರು. ಯಾವನೋ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವಾಗ ಮಾರಿ ಹೋದದ್ದು. ಎತ್ತರದ ಮೈ, ಪಕ್ಕದಲ್ಲಿ ಮೆಟ್ಟಿಲು, ಹಿತ್ತಾಳೆಯ ಹಾರ್ನು. ಆಗಲೇ ಅದು ಹಳೇ ಕಾಲದ ಗಾಡಿ. ಆದರೂ ಮಾವ ಅದನ್ನು ದಿನಾ ಒರೆಸಿ, ಹಬ್ಬದ ಎತ್ತಿನ ಹಾಗೆ ಹೊಳೆಯಿಸಿ ಇಟ್ಟಿದ್ದರು. ಅತ್ತೆ ಗಂಡನ ಎದುರು ದನಿ ಎತ್ತಿದವರಲ್ಲ. ಆದರೆ ಮಾವ ಕಾರನ್ನು ಕೊಟ್ಟಿಗೆಯಿಂದ ಹಿಂದಕ್ಕೆ ಬಿಡುವ ಹೊತ್ತಿನಲ್ಲಿ ಮಾತ್ರ ಅವರದೇ ರಾಜ್ಯ. ಅಂಗಳದ ಬಾಗಿಲಲ್ಲಿ ನಿಂತು, ಕೋಳಿ ಕರು ಎಲ್ಲ ಓಡಿಸಿ, "ಬನ್ನಿ, ಬನ್ನಿ, ಇನ್ನೂ ಬನ್ನಿ, ನಿಲ್ಲಿ ಅಲ್ಲೇ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಮಾವನೂ ಹೇಳಿದಷ್ಟು ಕೇಳುತ್ತಿದ್ದರು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ಸೆರಗಿನೊಳಗೆ ನಗುತ್ತಿದ್ದೆ.

ಮಾವ ಹೋದ ದಿನ ಮಧ್ಯಾಹ್ನ ಮಳೆ ಬಿದ್ದು ಅಂಗಳದ ಕೆಮ್ಮಣ್ಣು ಮೆತ್ತಗಾಗಿತ್ತು. ಬಾಗಿಲಿಂದ ಕೊಟ್ಟಿಗೆಯವರೆಗೆ ಗಾಲಿಯ ಜಾಡು ಎರಡು ಸಾಲಾಗಿ ಬಿದ್ದಿತ್ತು, ಹೆಣೆದ ಜಡೆಯ ಹಾಗೆ ಅಚ್ಚು. ಸಾವಿನ ಮನೆಗೆ ಬಂದುಹೋದ ಅಷ್ಟೊಂದು ಜನರ ಕಾಲಡಿ ಸಿಕ್ಕಿಯೂ ಅದು ಅಳಿಸಲಿಲ್ಲ. ಬಿಸಿಲಿಗೆ ಒಣಗಿ ಇಟ್ಟಿಗೆಯ ಹಾಗೆ ಗಟ್ಟಿಯಾಯಿತು.

ನಮ್ಮಲ್ಲಿ ಮಣ್ಣು ಮಾಡಿ ಬಂದ ಮೇಲೆ ಜೀವ ಹೋದ ಜಾಗದಲ್ಲಿ ಬೂದಿ ಹಾಸಿ, ದೀಪ ಇಟ್ಟು, ಮೇಲೆ ಬಿದಿರಿನ ಮಂಕರಿ ಕವುಚುತ್ತಾರೆ. ಬೆಳಗ್ಗೆ ಮಂಕರಿ ಎತ್ತಿದರೆ ಬೂದಿಯಲ್ಲಿ ಏನಾದರೊಂದು ಗುರುತು ಇರಬೇಕು. ಹಕ್ಕಿಯ ಕಾಲೋ, ಹುಳ ಹರಿದದ್ದೋ, ಏನೋ ಒಂದು. ಗುರುತು ಕಂಡರೆ ಜೀವ ಹೊರಟಿತು ಎಂದು ಲೆಕ್ಕ. ನೆಂಟರಲ್ಲಿ ಹಿರಿಯರು ಅಭ್ಯಾಸದಂತೆ ನಡುಮನೆಯಲ್ಲಿ, ಹೆಣ ಮಲಗಿಸಿದ್ದ ಕಡೆ ಬೂದಿ ಹಾಸಿಸಿದರು. ಬೆಳಗ್ಗೆ ನೋಡಿದರೆ ಬೂದಿ ಹಾಸಿದ ಹಾಗೇ ಇತ್ತು. ಒಂದು ಇರುವೆ ಕೂಡ ನಡೆದಿರಲಿಲ್ಲ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಅತ್ತೆ ಮಾತ್ರ, "ಜೀವ ಹೋಗಿದ್ದು ಕೊಟ್ಟಿಗೇಲಿ, ಬೂದಿ ಹಾಸಿದ್ದು ಇಲ್ಲಿ. ಇಲ್ಲೇನು ಕಾಣ್ತದೆ" ಎಂದರು. ಅಷ್ಟು ಹೊತ್ತಿಗೆ ಮುಹೂರ್ತ ಮೀರಿತ್ತು, ಎರಡನೇ ಸಲ ಹಾಸುವ ಪದ್ಧತಿ ಇಲ್ಲ. ಅತ್ತೆ ಎದ್ದು ಹೋಗಿ ಅಂಗಳದ ಜಾಡಿನ ಮೇಲೆ ತೆಂಗಿನ ಗರಿ ಮುಚ್ಚಿದರು. "ಬಂದ ಗುರುತು ಐತೆ, ಹೋದ ಗುರುತು ಇಲ್ಲ. ಹೋಗೋ ತನಕ ಇದನ್ನ ಯಾರೂ ಗುಡಿಸ್ಬೇಡಿ" ಎಂದರು.

ದಿನಾ ಅಂಗಳ ಗುಡಿಸಿ ಸಗಣಿ ನೀರು ಹಾಕುವವಳು ನಾನು. ವರ್ಷದ ತಿಥಿ ಕಳೆದರೂ ಆ ಗರಿಗಳ ಸುತ್ತ ಪೊರಕೆ ಬಳಸಿ ಬಳಸಿ ಗುಡಿಸಿದೆ. ನಾನು ಸಮೇತನಹಳ್ಳಿಯ ಹೊಲಗದ್ದೆಯಲ್ಲಿ ಬೆಳೆದವಳು, ಹಾವು ಕಂಡರೆ ಕೋಲು ಹುಡುಕುವ ಜಾತಿ, ಸುಲಭಕ್ಕೆ ಹೆದರುವವಳಲ್ಲ. ಆದರೆ ಆ ಕೊಟ್ಟಿಗೆಗೆ ಹೆದರುತ್ತಿದ್ದೆ. ಕಾರು ಖಾಲಿ ನಿಂತಿದ್ದರೂ ಬಲಕ್ಕೆ ವಾಲಿರುತ್ತಿತ್ತು, ಮಾವ ಕೂರುತ್ತಿದ್ದ ಕಡೆಗೆ. ಸ್ಪ್ರಿಂಗ್ ಕುಸಿದಿದೆ ಎಂದು ನನ್ನ ಯಜಮಾನರು ಹೇಳುತ್ತಿದ್ದರು. ಕುಸಿದಿರಬಹುದು. ಆದರೆ ಹೊಟ್ಟು ತರಲು ಹೋದಾಗ ಒಳಗಿಂದ ಮಾವನ ನಶ್ಯದ ವಾಸನೆ ಬರುತ್ತಿತ್ತಲ್ಲ, ಅದಕ್ಕೆ ಯಾವ ಸ್ಪ್ರಿಂಗು? ಅತ್ತೆ ದಿನವೆಲ್ಲ ಅಲ್ಲೇ, ಕಾರಿನ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಊಟವೂ ಅಲ್ಲಿಗೇ. ಮಾತೂ ಅಲ್ಲೇ. ಯಾರ ಜೊತೆ ಎಂದು ನಾನು ಕೇಳಲು ಹೋಗಲಿಲ್ಲ.

ಕೊನೆಗೆ ನಾನೇ ನನ್ನ ಯಜಮಾನರಿಗೆ ಹೇಳಿಬಿಟ್ಟೆ, "ಆ ಗಾಡಿನಾದ್ರೂ ಮಾರಿ, ಇಲ್ಲಾ ನನ್ನ ತವರಿಗೆ ಕಳಿಸಿ. ಅತ್ತೆ ನಮ್ಮ ಕೈ ತಪ್ಪಿ ಹೋಗ್ತಾ ಅವ್ರೆ." ಅವರಿಗೂ ಅದೇ ಚಿಂತೆ ಇತ್ತು. ಕೊಳ್ಳಲು ಜನ ಸಿಕ್ಕರು, ದೇವನಹಳ್ಳಿ ಕಡೆಯ ಒಬ್ಬ ಸಾಹುಕಾರರು, ದಂಡಿಗೆ ತರಕಾರಿ ಒದಗಿಸುವವರು. ಬಂದು ನೋಡಿ, ಟೈರಿಗೆ ಉಗುರು ಒತ್ತಿದರು. ನಿಂತಲ್ಲೇ ನಿಂತು ರಬ್ಬರು ಸೀಳಿತ್ತು. "ನಾಲ್ಕೂ ಕಾಲು ಸರಿ ಮಾಡ್ಸಿ. ಗಾಡಿ ನಮ್ಮೂರ ತನಕ ಉರುಳಿದ್ರೆ ನಂದು" ಎಂದು ಹೇಳಿ ಹೋದರು.

ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆವು. ಅವರು ಹೇಳಿದ್ದೇ ಬೇರೆ. "ಮಾರು ಮಗ, ಬ್ಯಾಡ ಅನ್ನಲ್ಲ. ಆದ್ರೆ ಬಂದ ಕಾಲಲ್ಲೇ ಹೋಗ್ಬೇಕು. ಇದೇ ಜಡೆ ಅಚ್ಚಿನ ಟೈರು ತಂದು ಹಾಕ್ಸು. ಬೇರೆ ಅಚ್ಚು ಹಾಕ್ಸಿದ್ರೆ ಅದು ಇನ್ಯಾರದೋ ಗಾಡಿ ಆಯ್ತದೆ, ನಿಮ್ಮಪ್ಪ ಅದ್ರಾಗೆ ಹೋಗಲ್ಲ." ಜಡೆ ಅಚ್ಚು ಆಚೆಗೆ ಹೋದ ಗುರುತು ಅಂಗಳದಲ್ಲಿ ಬಿದ್ದರೆ ತಾನೇ ಗರಿ ತೆಗೆದು ಗುಡಿಸುತ್ತೇನೆ ಎಂದೂ ಹೇಳಿದರು. ನನಗೆ ಆ ಮಾತು ಕೇಳಿ ಎದೆಯ ಭಾರ ಇಳಿಯಿತು. ಒಂದು ಟೈರಿನಿಂದ ಮನೆ ಸರಿಹೋಗುವುದಾದರೆ ಆಗಲಿ.

ಆದರೆ ಆ ಕಾಲದಲ್ಲಿ ಟೈರು ಸಿಗುವುದೆಂದರೆ ಹುಲಿ ಹಾಲು ತಂದ ಹಾಗೆ. ಹೊಸದಕ್ಕೆ ಪರ್ಮಿಟ್ಟು ಬೇಕು, ನಮ್ಮಂಥವರಿಗೆ ಅದು ದಕ್ಕುವುದಲ್ಲ. ನೆಲಮಂಗಲದಲ್ಲಿ ಲಾರಿಯವರ ಹತ್ತಿರ ಇದೆ ಎಂದು ಯಾರೋ ಹೇಳಿ ನನ್ನ ಯಜಮಾನರು ಹೋದರೆ, ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ಸು ಬಂದರು. ಉಳಿದದ್ದು ಬೆಂಗಳೂರಿನ ಹಳೇ ಟೈರಿನ ಅಂಗಡಿ. ಅತ್ತೆ ತಾವೂ ಬರುತ್ತೇನೆಂದು ಹೊರಟರು. ಕೆರೆಯ ಜೇಡಿಮಣ್ಣು ತಂದು, ಹಳೇ ಟೈರಿಗೆ ಒತ್ತಿ, ಅಚ್ಚು ಮೂಡಿಸಿ, ನೆರಳಲ್ಲಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ಅವರನ್ನು ಹಿಡಿದುಕೊಳ್ಳಲು ನಾನು. ಪೆಟ್ರೋಲಿನ ಬದಲು ಇದ್ದಲಿನಿಂದ ಓಡುವ ಬಸ್ಸಿನಲ್ಲಿ ಹೊಗೆಗೆ ಕೆಮ್ಮುತ್ತಾ ಹೋದೆವು. ದಾರಿಯುದ್ದಕ್ಕೂ ಅತ್ತೆ ಆ ಮಣ್ಣಿನ ಹಲಗೆಯನ್ನು ಮಗು ತಟ್ಟುವ ಹಾಗೆ ತಟ್ಟುತ್ತಿದ್ದರು.

ಅಂಗಡಿಯಲ್ಲಿ ಟೈರುಗಳು ಸೂರಿನವರೆಗೆ ರಾಶಿ ಬಿದ್ದಿದ್ದವು. ಅಂಗಡಿಯ ಸಾಹೇಬರು ಚೌಕಳಿ ಅಚ್ಚಿನ ನಾಲ್ಕು ಟೈರು ಉರುಳಿಸಿ ತಂದು ನಿಲ್ಲಿಸಿದರು. ನನ್ನ ಯಜಮಾನರು ಒಳಗೆ ಕೈ ಹಾಕಿ ತೇಪೆ ಇದೆಯೇ ಎಂದು ಸವರಿ ನೋಡಿದರು, ಅಂಚು ಹಿಡಿದು ಬಗ್ಗಿಸಿ ನೋಡಿದರು. ಒಳ್ಳೆಯ ಮಾಲು, ಅವರಿಗೆ ಒಪ್ಪಿಗೆಯಾಯಿತು. ಅತ್ತೆ ಬಟ್ಟೆ ಬಿಚ್ಚಿ ಮಣ್ಣಿನ ಹಲಗೆ ಇಟ್ಟು, ತಲೆ ಅಲ್ಲಾಡಿಸಿದರು.

"ಅಮ್ಮಾ, ಟೈರ್‌ಗೆ ತಾಕತ್ ನೋಡ್ಬೇಕು. ಅಚ್ಚು ನೋಡಿ ತಗೊಳಕ್ಕೆ ಇದೇನು ಸೀರೇನಾ" ಎಂದರು ಸಾಹೇಬರು. ಆದರೂ ಒಳ್ಳೆಯ ಮನುಷ್ಯ, ರಾಶಿ ಕೆದಕಿ ಜಡೆ ಅಚ್ಚಿನದು ಒಂದನ್ನು ಹುಡುಕಿಕೊಟ್ಟರು. ಜೋಡಿ ಇಲ್ಲ ಎಂದರು. ಅತ್ತೆ ಅವರ ಮಾತು ಮುಗಿಯುವ ಮೊದಲೇ ಅಂಗಡಿಯ ಹಿಂದಿನ ಕತ್ತಲೆ ಮೂಲೆಗೆ ಹೋಗಿ, ಗೋಣಿಚೀಲ ಸರಿಸಿ, ಇನ್ನೊಂದರ ಮೇಲೆ ಕೈ ಇಟ್ಟರು. ಅದೇ ಅಚ್ಚು. ಹಲಗೆ ಇಟ್ಟರೆ ಹಲ್ಲಿಗೆ ಹಲ್ಲು ಕೂತಿತು. ಸಾಹೇಬರು ತಮ್ಮ ಕೆಲಸದವನನ್ನು ನೋಡಿ, "ಇದು ಯಾವಾಗ ಬಂತೋ" ಎಂದರು. ಅವನಿಗೂ ಗೊತ್ತಿರಲಿಲ್ಲ.

ಮೂರನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಎರಡು ಜಡೆ, ಎರಡು ಚೌಕಳಿ, ಅಷ್ಟೇ ಗತಿ. "ಅವ್ವ, ಜಡೇದು ಮುಂದಕ್ಕೆ ಹಾಕ್ಸೋದೋ, ಹಿಂದಕ್ಕೋ?" ಎಂದು ಮಗ ಕೇಳಿದರು. ಅತ್ತೆ ಮಣ್ಣಿನ ಹಲಗೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ, "ಹಿಂದಕ್ಕೆ" ಎಂದರು. "ಗಾಡಿ ಹೋದ್ಮೇಲೆ ನೆಲದ ಮ್ಯಾಲೆ ಉಳಿಯೋದು ಹಿಂದಿನ ಗಾಲಿ ಅಚ್ಚೇ ತಾನೇ. ಮುಂದಿಂದರ ಮ್ಯಾಲೆ ಅದು ಹರಿದು ಅಳಿಸ್ತದೆ." ಸರಿಯಾದ ಮಾತು. ಸಾಹೇಬರು ಕೂಡ, "ಅಮ್ಮನಿಗೆ ಡ್ರೈವರ್ ಬುದ್ಧಿ ಐತೆ" ಎಂದು ಮೆಚ್ಚಿಕೊಂಡರು. ನಾನು ನಿರಾಳವಾಗಿ ಬಸ್ಸು ಹತ್ತಿದೆ.

ಟೈರು ಹಾಕಿಸಿ ಆದ ಮೇಲೂ ಕಾರು ಬಲಕ್ಕೇ ವಾಲಿ ನಿಂತಿತ್ತು.

ಒಂದು ಬೆಳಗ್ಗೆ ಸಾಹುಕಾರರು ತಮ್ಮ ಡ್ರೈವರನ್ನು ಕಳಿಸಿದರು. ಅತ್ತೆ ಅಂಗಳಕ್ಕೆ ತಾವೇ ನೀರು ಚಿಮುಕಿಸಿ ಮಣ್ಣು ಮೆತ್ತಗೆ ಮಾಡಿದ್ದರು. ಗಾಲಿಗಳ ಅಡಿಗೆ ನಿಂಬೆಹಣ್ಣು ಇಟ್ಟೆವು. ಡ್ರೈವರು ಒಳಗೆ ಕೂತವನು ತಟ್ಟನೆ ಎದ್ದು ಸೀಟು ಮುಟ್ಟಿ ನೋಡಿದ. "ಯಾರು ಕೂತಿದ್ರಿ ಇಲ್ಲಿ? ಬೆಚ್ಚಗೈತೆ" ಎಂದ. ಕೊಟ್ಟಿಗೆಗೆ ಬಿಸಿಲು ಬಿದ್ದಿರಲಿಲ್ಲ, ಯಾರೂ ಕೂತಿರಲಿಲ್ಲ. ಅತ್ತೆ ಅವನನ್ನು ನೋಡಿ, "ಸ್ವಲ್ಪ ತಡಿಯಪ್ಪ, ಆಮ್ಯಾಲೆ ಕೂತ್ಕೋ" ಎಂದರು. ಅವನು ಯಾಕೆಂದು ಕೇಳದೆ ನಿಂತ. ಆಮೇಲೆ ಕೂತ.

ಕಾರು ಹಿಂದಕ್ಕೆ ಹೊರಟಿತು. ಅತ್ತೆ ಬಾಗಿಲ ಹತ್ತಿರ ತಮ್ಮ ಹಳೇ ಜಾಗದಲ್ಲಿ ನಿಂತಿದ್ದರು. ಈ ಸಲ ಕೂಗಲಿಲ್ಲ. ನಿಂಬೆಹಣ್ಣು ಪಚಕ್ಕನೆ ಒಡೆದವು. ಕಾರು ಬಾಗಿಲಾಚೆ ಹೋಗಿ, ತಿರುಗಿ, ದೇವನಹಳ್ಳಿ ದಾರಿ ಹಿಡಿಯಿತು. ನಾನು ನೋಡುತ್ತಲೇ ಇದ್ದೆ. ಡ್ರೈವರು ಕೂತಿದ್ದರೂ ಅದು ಬಲಕ್ಕೆ ವಾಲಿರಲಿಲ್ಲ. ತಕ್ಕಡಿಯ ದಂಡದ ಹಾಗೆ ಸಮ ಹೋಗುತ್ತಿತ್ತು.

ಅತ್ತೆ ಗರಿ ಎತ್ತಿದರು. ಒಳಗೆ ಬಂದ ಜಡೆ ಅಚ್ಚು, ನಿನ್ನೆ ಬಿದ್ದ ಹಾಗಿತ್ತು. ಅದರ ಪಕ್ಕದಲ್ಲಿ ಆಚೆಗೆ ಹೋದ ಹೊಸ ಜಾಡು. ನಾನು ಬಗ್ಗಿ ನೋಡಿದೆ. ಚೌಕಳಿ. ಕೊಟ್ಟಿಗೆಯಿಂದ ಬಾಗಿಲವರೆಗೂ ಬರೀ ಚೌಕಳಿ. ಒಂದೇ ಒಂದು ಕಡೆ ಕೂಡ ಜಡೆ ಇಲ್ಲ. ಮುಂದಕ್ಕೆ ಹೋಗುವ ಗಾಡಿಯಲ್ಲಿ ಹಿಂದಿನ ಗಾಲಿ ಕೊನೆಗೆ ಹರಿಯುತ್ತದೆ. ಹಿಂದಕ್ಕೆ ಹೋಗುವ ಗಾಡಿಯಲ್ಲಿ ಮುಂದಿನದು ಕೊನೆಗೆ ಹರಿದು, ಮೊದಲು ಬಿದ್ದ ಅಚ್ಚನ್ನು ಒರೆಸಿ ಹಾಕುತ್ತದೆ. ಅಷ್ಟು ಸಣ್ಣ ವಿಷಯ ನಮ್ಮಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ನನ್ನ ಯಜಮಾನರು ತಲೆ ಮೇಲೆ ಕೈ ಹೊತ್ತು ಜಗುಲಿಯಲ್ಲಿ ಕೂತುಬಿಟ್ಟರು.

"ಬಂದೋರು ನಿಮ್ಮ ಮಾವ. ಹೋದದ್ದು ಯಾರದೋ ಗಾಡಿ" ಎಂದರು ಅತ್ತೆ. ಅಳುತ್ತಾರೆ ಎಂದುಕೊಂಡು ಹತ್ತಿರ ಹೋದೆ. ಅವರ ಮುಖ ತಿಳಿಯಾಗಿತ್ತು. ಹೋಗಿ ಪೊರಕೆ ತಂದು ನನ್ನ ಕೈಗೆ ಕೊಟ್ಟು, "ಇನ್ನು ಪೂರ್ತಿ ಗುಡ್ಸವ್ವ, ಬಂದದ್ದೂ ಹೋದದ್ದೂ ಎಲ್ಲ" ಎಂದರು.

ಆಗ ನನಗೆ ಹಳೆಯದು ನೆನಪಾಯಿತು. ಕೋಳಿ ಓಡಿಸುತ್ತಾ, ಹಿಂದುಹಿಂದಾಗಿ ಬರುವ ಕಾರಿಗೆ ಬನ್ನಿ ಬನ್ನಿ ಎಂದು ಕೂಗುತ್ತಿದ್ದವರು ಯಾರು? ಆ ಗಾಡಿ ಈ ಅಂಗಳದಿಂದ ಹೇಗೆ ಆಚೆ ಹೋಗುತ್ತದೆ ಎಂಬುದು ಅವರಷ್ಟು ಬಲ್ಲವರು ಇನ್ಯಾರು?

"ಅತ್ತೆ, ಗಾಡಿ ಹಿಂದಕ್ಕೆ ಹೋಗ್ತದೆ ಅಂತ ಅಂಗಡೀಲೇ ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಇಷ್ಟು ವರ್ಷ ಅದರ ಹಿಂದೆ ನಿಂತೋಳಿಗೆ ಗೊತ್ತಿರಲ್ವೇನವ್ವ" ಎಂದು ಒಳಗೆ ನಡೆದರು.

ಅವತ್ತಿನಿಂದ ಅತ್ತೆ ಕೊಟ್ಟಿಗೆಯಲ್ಲಿ ಕೂರಲಿಲ್ಲ. ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತರು, ಹಿಟ್ಟು ತಿರುವಿದರು, ನನಗೆ ಬೇಕಾದದ್ದೂ ಅದೇ ಆಗಿತ್ತು. ತಟ್ಟೆ ಇಡುವಾಗ ಮಾತ್ರ ಒಂದು ಹೆಚ್ಚಿಗೆ ಇಟ್ಟು, ಅದಕ್ಕೂ ಮುದ್ದೆ ಹಾಕಿ, ನನ್ನ ಕಡೆ ನೋಡಿದರು. "ಆರ್ತದೆ, ಹೋಗಿ ಕರಿಯವ್ವ" ಎಂದರು.

ನಾನು ಖಾಲಿ ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತೆ. ಒಂದೇ ಸಲ ಕರೆದೆ. ಎರಡನೇ ಸಲ ಕರೆಯಬೇಕಾಗಲಿಲ್ಲ.