ಸಾಹೇಬರ ದನಿ, ನಡುವಿನ ಗ್ವಾಡಿ

ಮೊದಲೇ ಹೇಳಿಬಿಡುತ್ತೇನೆ: ಆ ದನಿ ನನ್ನದು, ನಗರ ಪರಿಷತ್ತಿನ ಸಾಹೇಬರದಲ್ಲ. ಅವರು ಮೂಗಿನಲ್ಲಿ ಮಾತಾಡುತ್ತಾರೆ, ಮಾತು ಮುಗಿದಾಗಲೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಇಂಥವರನ್ನು ದೇವರು ನನ್ನಂಥ ನಕಲಿಗಾರರಿಗೆಂದೇ ಕಳಿಸಿರಬೇಕು.

ಗಡಿಯಾಚೆಯ ನಮ್ಮ ಜತ್ತದ ಪೇಟೆಗೆ ಹೊಸ ಕಟ್ಟಡ ನಿಯಮ ಬರುವ ಸುದ್ದಿ ಎದ್ದಿತ್ತು. ಊರು ಹೊಲಗಳ ಕಡೆ ಹಬ್ಬುವುದು ಸಾಕು, ಪೇಟೆಯ ನಡುವೆಯೇ ಮೇಲಕ್ಕೆ ಬೆಳೆಯಲಿ; ಕೆಳಗೆ ಅಂಗಡಿ, ಮೇಲೆ ಮನೆಗಳು, ನಾಲ್ಕು ಮಹಡಿಯವರೆಗೆ. ಆದರೆ ಅದಿನ್ನೂ ಕರಡು, ಜನರ ತಕರಾರು ಕೇಳುವುದು ಬಾಕಿಯಿತ್ತು. ನನಗಂತೂ ಖುಷಿಯೇ. ಸೋದರತ್ತೆಯ ಮನೆಯಲ್ಲಿ ಜೋಳದ ಚೀಲಗಳ ಸಂದಿಯಲ್ಲಿ ಮಲಗುವವನಿಗೆ ನಾಲ್ಕನೇ ಮಹಡಿಯೆಂದರೆ ಸ್ವರ್ಗದ ಪಕ್ಕದ ಓಣಿ.

ಒಂದು ಮಧ್ಯಾಹ್ನ ಚಹಾದಂಗಡಿಯಲ್ಲಿ ಗೆಳೆಯರ ಮುಂದೆ ಸಾಹೇಬನಾದೆ. ಮೊಬೈಲ್ ಬಾಯಿಗೆ ಹಿಡಿದು, "ಪೇಠೇತ ಚಾರ ಮಜಲೇ ಮಂಜೂರ ಝಾಲೇ. ಉದ್ಯಾಪಾಸೂನ ಕಾಮ ಸುರೂ ಕರಾ" ಎಂದೆ. ನಾಲ್ಕು ಮಹಡಿ ಮಂಜೂರಾಯಿತು, ನಾಳೆಯಿಂದಲೇ ಕೆಲಸ ಶುರು ಮಾಡಿ ಎಂದು. ಕೊನೆಗೆ ಗಂಟಲನ್ನೂ ಸರಿಮಾಡಿದೆ. ಗೆಳೆಯನೊಬ್ಬ ಅದನ್ನು ರೆಕಾರ್ಡ್ ಮಾಡಿ ಓಣಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ನಮ್ಮಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಮರಾಠಿಯಲ್ಲಿ ಗದರಿದರೆ ಸಾಕು, ಅದು ಸರಕಾರವೇ ಎಂದು ಓಣಿ ಕೈಕಟ್ಟಿ ನಿಲ್ಲುತ್ತದೆ.

ಪಕ್ಕದ ಮನೆಯ ಕಾಕಾ ನಂಬಿದರು. ಅವರದು ಸೀರೆ ಅಂಗಡಿ. ಇಬ್ಬರು ಗಂಡುಮಕ್ಕಳಿಗೂ ಮದುವೆಯಾಗಿ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನವೇ ಹಿಂದಿನ ಕೋಣೆಯ ಮೇಲಿನ ಮಣ್ಣಿನ ಮಾಳಿಗೆ ಇಳಿಸಲು ಆಳುಗಳು ಬಂದರು.

ಅವರ ಮನೆಗೂ ಅತ್ತೆಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎರಡೂ ಮಾಳಿಗೆಯ ತೊಲೆಗಳು ಅದರ ಮೇಲೆಯೇ ಕೂತಿವೆ. ಗಂಡ ಹೋದ ಮೇಲೆ ಅತ್ತೆಗೆ ಉಳಿದದ್ದು ಆ ಮನೆಯೊಂದೇ. ಉಪ್ಪು ಬೇಕಾದರೆ ಅವಳು ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ, ಲಟ್ಟಣಿಗೆಯಿಂದ ಗೋಡೆ ಬಡಿಯುತ್ತಿದ್ದಳು. ಆಚೆಯಿಂದ ಯಾರಾದರೂ ಓಗೊಡುತ್ತಿದ್ದರು. ಈಚೆ ಕೆಮ್ಮಿದರೆ ಆಚೆಯಿಂದ ಕಾಕಾ, "ಕಷಾಯ ಕುಡದ್ಯೇನವಾ ತಂಗಿ?" ಎನ್ನುತ್ತಿದ್ದರು.

ಆಳುಗಳು ಮೊದಲ ತೊಲೆ ಎಳೆದಾಗ ನಾವು ಊಟಕ್ಕೆ ಕೂತಿದ್ದೆವು. ರೊಟ್ಟಿಯ ಮೇಲೆ ಮಣ್ಣು ಉದುರಿತು. ಅತ್ತೆ ಮೇಲೆ ನೋಡಿದಳು, ರೊಟ್ಟಿ ಜಾಡಿಸಿದಳು. ಸಂಜೆಗೆ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ಸೆಗಣಿ ಮಣ್ಣು ಕಲಸಿ ಮೆತ್ತಿದಳು. ಬೆಳಿಗ್ಗೆ ಮೆತ್ತಿದ್ದು ಸಂಜೆಗೆ ಮತ್ತೆ ಬಾಯಿಬಿಡುತ್ತಿತ್ತು. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ತೊಲೆಯ ಸಂದಿನ ಗುಬ್ಬಿಗಳು ಹೇಳದೆ ಕೇಳದೆ ಮನೆ ಬದಲಿಸಿದವು. ಅತ್ತೆ ನಗಲೆಂದು ಬಿರುಕಿಗೂ ಒಂದು ದನಿ ಕೊಟ್ಟೆ. ನಗಲಿಲ್ಲ. ನನಗೂ ನಗು ಬರಲಿಲ್ಲ. ಹಾಸಿಗೆಯನ್ನು ಮೆಲ್ಲಗೆ ಬಾಗಿಲ ಬಳಿಗೆ ಎಳೆದುಕೊಂಡೆ.

"ನಾಳೆ ಮಶಿನ್ ಬರ್ತದ, ನಡುವಿನ ಗ್ವಾಡಿನೂ ತಗೀತೀವಿ" ಎಂದು ಆಳೊಬ್ಬ ಹೇಳಿದ್ದೇ ತಡ, ಕಾಕಾನ ಅಂಗಡಿಗೆ ಓಡಿದೆ.

"ಕಾಕಾ, ಆ ದನಿ ನಂದ್ರಿ. ಸಾಹೇಬ್ರದಲ್ಲ. ನಿಯಮ ಇನ್ನೂ ಪಾಸ್ ಆಗಿಲ್ರಿ."

ಕಾಕಾ ಸೀರೆ ಮಡಚುತ್ತಲೇ ನಕ್ಕರು. "ನಿಮ್ಮತ್ತಿ ಕಳಿಸ್ಯಾಳೇನು? ಎಲ್ಲಿ, ತಗಿ ನೋಡೂನು ಆ ದನಿ."

ಓಡಿ ಬಂದು ಏದುಸಿರು ಬಿಡುತ್ತಿದ್ದೆ. ಆದರೂ ಮೂಗು, ಕೆಮ್ಮು, ಎಲ್ಲ ಹಾಕಿ ತೆಗೆದೆ.

"ಎಲ್ಲಿ ಸಾಹೇಬ್ರು, ಎಲ್ಲಿ ನೀ! ಅವ್ರದು ಭಾಳ ಗಡಸು. ನಿಂದು ಆಡಿನ ಮರಿ ಒದರಿದಂಗ ಅದ. ಹೋಗಲೇ ಖೋಡಿ!"

ನನ್ನ ನಕಲಿನ ಮುಂದೆ ನಾನೇ ಫೇಲಾದೆ.

ಬೆಳಿಗ್ಗೆ ಆ ಹಳದಿ ಯಂತ್ರ ಓಣಿಯ ಬಾಯಿಗೆ ಅಡ್ಡ ನಿಂತಿತು. ಮನೆಯೊಳಗೆ ಬೆಳಕು ಕಡಿಮೆಯಾಯಿತು. ಅದು ಗುರ್ ಎಂದಾಗ ತಟ್ಟೆಗಳು ಹಲಗೆಯ ಮೇಲೆ ನಡುಗಿದವು, ಬಿರುಕಿನಿಂದ ಮಣ್ಣು ಸಣ್ಣಗೆ ಸುರಿಯತೊಡಗಿತು.

"ಅತ್ತಿ, ಲಗೂನ ಹೊರಗ ಬಾ!"

ಅತ್ತೆ ಬರಲಿಲ್ಲ. ಲಟ್ಟಣಿಗೆ ತೆಗೆದುಕೊಂಡು ಗೋಡೆ ಬಡಿದಳು, ಮೆಲ್ಲಗೆ, ಉಪ್ಪು ಕೇಳುವವಳಂತೆ. ಆಚೆ ಯಾರೋ ಕೈ ಮಾಡಿದರೇನೋ, ಯಂತ್ರ ಒಂದು ಕ್ಷಣ ಸುಮ್ಮನಾಯಿತು. ರೂಢಿಯ ಮೇಲೆ ಕಾಕಾನ ದನಿ ಬಂತು: "ಏನ ಬೇಕಿತ್ತವಾ ತಂಗಿ?"

ಈಗ ಆ ನಿಯಮ ಪಾಸಾಗಿದೆ. ಓಣಿಯಲ್ಲಿ ಬೇರೆಯವರ ಗೋಡೆಗಳು ಕಾಗದಪತ್ರ ಸಮೇತ ಬೀಳುತ್ತಿವೆ, ಅವುಗಳ ಧೂಳು ನಮ್ಮ ರೊಟ್ಟಿಯ ಮೇಲೂ ಕೂರುತ್ತದೆ. ನಮ್ಮ ಬಿರುಕು ಇದ್ದಲ್ಲೇ ಇದೆ, ಅತ್ತೆ ದಿನಾ ಅದರ ಮೇಲೆ ಕೈಯಾಡಿಸುತ್ತಾಳೆ. ಅಂದು ಯಂತ್ರ ಹಿಂದೆ ಸರಿದದ್ದು ಮಾತ್ರ ನನ್ನ ದನಿಗಲ್ಲ, ಸಾಹೇಬರ ದನಿಗೂ ಅಲ್ಲ. ಅತ್ತೆ ಗೋಡೆಗೆ ಬಾಯಿ ಹಚ್ಚಿ ಕೊಟ್ಟ ಉತ್ತರಕ್ಕೆ:

"ಈ ಗ್ವಾಡೀನ ಬೇಕಿತ್ರಿ ಅಣ್ಣಾರ. ಇದನ್ನ ಕೆಡವಿದ್ರ ನಾಳೆ ಏನ ಬಡದು ನಿಮ್ಮನ್ನ ಕರೀಲಿ?"