ಬೆಂಕಿಗೆ, ಹೆಣಕ್ಕೆ ಮಾತ್ರ

ವರ್ನಾ ಜೋಸೆಫ್ ಇಂಗ್ಲಿಷ್ ಕಲಿಸಲು ಜಪಾನಿನ ಕುರೆತಾನಿ ಎಂಬ ಹಳ್ಳಿಗೆ ಬಂದ ಹೊಸತರಲ್ಲಿ ಅವಳ ಬಾಗಿಲ ಮುಂದೆ ದಿನಾ ಬೆಳಿಗ್ಗೆ ತರಕಾರಿ ಬಿದ್ದಿರುತ್ತಿತ್ತು. ಒಂದು ದಿನ ಬದನೆ, ಒಂದು ದಿನ ಸೌತೆ, ಇನ್ನೊಂದು ದಿನ ಮಣ್ಣು ಮೆತ್ತಿದ ತೋಳುದ್ದದ ಮೂಲಂಗಿ. ಯಾರು ಇಟ್ಟರೆಂದು ಹೆಸರಿಲ್ಲ, ಕೂಗಿಲ್ಲ. ಅವಳ ಟ್ರಿನಿಡಾಡಿನ ಕಡಲೂರಿನಲ್ಲಿ ಯಾರಾದರೂ ನಾಲ್ಕು ಮಾವಿನಹಣ್ಣು ತಂದುಕೊಟ್ಟರೆ ಅಂಗಳದಲ್ಲಿ ಕೂತು ತಲೆ ತಿಂದು, ಎರಡು ಮನೆಯ ಜಗಳ ಹೇಳಿಯೇ ಎದ್ದು ಹೋಗುವುದು. ಇಲ್ಲಿ ತರಕಾರಿ ಬರುತ್ತದೆ, ಮನುಷ್ಯರು ಬರುವುದಿಲ್ಲ.

ಶಾಲೆಯ ಕೆಲಸ ಕಷ್ಟದ್ದಲ್ಲ. ಪುಸ್ತಕದ ಇಂಗ್ಲಿಷನ್ನು ಇವಳು ಓದಬೇಕು, ಮಕ್ಕಳು ಒಟ್ಟಿಗೆ ಒದರಬೇಕು. ಮಕ್ಕಳು ಅವಳ ಜಡೆ ಮುಟ್ಟಿ ನೋಡಿದರು. ಅವಳೂ ಅವರ ಜಡೆ ಮುಟ್ಟಿ ನೋಡಿದಳು. ಅಲ್ಲಿಗೆ ಆ ವಿಷಯ ಮುಗಿಯಿತು. ಊಟವಾದ ಮೇಲೆ ಮಕ್ಕಳು, ಮೇಷ್ಟ್ರುಗಳು ಎಲ್ಲ ತಲೆಗೆ ಬಟ್ಟೆ ಕಟ್ಟಿ ಮಂಡಿಯೂರಿ ಶಾಲೆಯ ನೆಲ ಒರೆಸುತ್ತಾರೆ. ಅವಳೂ ಒರೆಸಿದಳು. ಉಪಮುಖ್ಯೋಪಾಧ್ಯಾಯ ಮಿಯೋಶಿ ತಲೆದೂಗಿದರು. ಆ ಮನುಷ್ಯ ತಲೆದೂಗಿದರೆ ಮೆಚ್ಚಿದರೋ ಮರುಗಿದರೋ ತಿಳಿಯುತ್ತಿರಲಿಲ್ಲ.

ಮನೆಯೊಳಗೆ ಮೊದಲು ಕಾಲಿಟ್ಟವಳು ಪಕ್ಕದ ಮನೆಯ ತಾತ್ಸು ಅಜ್ಜಿ. ಅದೂ ಬೈಯುವುದಕ್ಕೆ. ಬಚ್ಚಲ ನೀರು ಹರಿದು ಹೋಗುವ ಚರಂಡಿಯಲ್ಲಿ ನೊರೆ ಕಂಡು ಹಿತ್ತಲ ಬಾಗಿಲಿಂದ ನುಗ್ಗಿ ಬಂದಿದ್ದಳು. ಸೊಂಟ ಬಗ್ಗಿ ನೆಲ ನೋಡುವಂತಾಗಿದ್ದರೂ ದನಿ ಮಾತ್ರ ನೆಟ್ಟಗಿತ್ತು.

"ಲೇ ಹುಡುಗಿ, ತೊಟ್ಟಿ ಒಳಗೇ ಸೋಪು ಹಾಕ್ಕೊಂಡ್ಯಾ?"

"ಹೂಂ ಅಜ್ಜಿ. ಇನ್ನೆಲ್ಲಿ ಹಾಕ್ಕೋಬೇಕು?"

"ಹೊರಗೆ ಕೂತು ತಿಕ್ಕೊಂಡು, ಕೊಳೆ ಕಳ್ಕೊಂಡು, ಆಮೇಲೆ ಒಳಗಿಳಿದು ನೆನೀಬೇಕು ಕಣೇ. ಸೋಪಿನ ನೀರಲ್ಲಿ ಮನುಷ್ಯರನ್ನ ಬೇಯಿಸ್ತಾರೇನೇ? ನಿಮ್ಮೂರಲ್ಲಿ ಹಿಂಗಾ?"

"ನಮ್ಮೂರಲ್ಲಿ ಸಮುದ್ರ ಇದೆ ಅಜ್ಜಿ."

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅವತ್ತಿನಿಂದ ಇಬ್ಬರಿಗೂ ಸೇರಿತು. ಒಲೆ ಹಚ್ಚುವುದು, ಮೂಲಂಗಿ ಉಪ್ಪಿಗೆ ಹಾಕುವುದು, ಚಳಿಗಾಲದಲ್ಲಿ ನಲ್ಲಿಗೆ ಗೋಣಿ ಸುತ್ತುವುದು ಎಲ್ಲ ಅವಳೇ ಕಲಿಸಿದಳು. ವರ್ನಾ ಅವಳ ಬೆನ್ನಿನ ಹೊರೆಯನ್ನು ತಾನು ಹೊತ್ತು ಊರ ನಡುವೆಯೇ ನಡೆದಳು.

ಬಾಗಿಲಿನ ತರಕಾರಿ ನಿಂತಿದ್ದು ಆಮೇಲೆ. ಬೆಳೆ ಮುಗಿದಿರಬೇಕು ಅಂದುಕೊಂಡಳು. ಆದರೆ ಎಲ್ಲರ ಹಿತ್ತಲಲ್ಲೂ ಕೋಸು ಕೊಬ್ಬಿ ಕೂತಿತ್ತು. ಊರಿನ ಸುದ್ದಿಯ ಹಲಗೆ ಮನೆಯಿಂದ ಮನೆಗೆ ಕೈ ದಾಟಿ ಬರುತ್ತಿದ್ದುದು ಅವಳ ಮನೆ ಬಿಟ್ಟು ಮುಂದಕ್ಕೆ ಹೋಯಿತು. ಎದುರು ಸಿಕ್ಕವರು ಮಾತ್ರ ಮೊದಲಿನ ಹಾಗೇ ಬಗ್ಗಿ ನಮಸ್ಕರಿಸುತ್ತಿದ್ದರು, ಹವೆಯ ಮಾತಾಡುತ್ತಿದ್ದರು. ಯಾರಾದರೂ ಮುಖ ಗಂಟಿಕ್ಕಿದ್ದರೆ ಜಗಳ ತೆಗೆಯಬಹುದಿತ್ತು. ನಗುವವರ ಹತ್ತಿರ ಏನೆಂದು ಜಗಳ ತೆಗೆಯುವುದು?

ವಸಂತ ಬಂತು. ನಾಟಿಗೆ ಮುಂಚೆ ಕಾಲುವೆಯ ಹೂಳೆತ್ತುವ ಭಾನುವಾರ. ಮನೆಗೊಬ್ಬರು ಬರಬೇಕೆಂದು ಊರಿನ ಧ್ವನಿವರ್ಧಕ ಕೂಗಿದ್ದನ್ನು ಕೇಳಿ ವರ್ನಾ ಸಲಿಕೆ ಹಿಡಿದು ಹೊರಟಳು. ಊರ ಮುಖ್ಯಸ್ಥನ ಹೆಸರು ಕಾನೆಶಿಗೆ. ಎತ್ತಿನ ಹೆಗಲಿನ ಆ ಮನುಷ್ಯ ಬಾಯಿ ತುಂಬ ನಕ್ಕ.

"ಓ, ಟೀಚರಮ್ಮನೂ ಬಂದ್ರು. ಸಲಿಕೆ ಸೀಮೆಸುಣ್ಣ ಅಲ್ಲ, ಜೋಪಾನ."

"ಸೀಮೆಸುಣ್ಣ ಮುರಿಯುತ್ತೆ, ಇದು ಮುರಿಯಲ್ಲ ಬಿಡಿ," ಅಂದಳು. ಎಲ್ಲರೂ ನಕ್ಕರು.

ಕೆಲಸ ಭರ್ಜರಿ ನಡೆಯಿತು. ಮಣ್ಣು, ಕೊಳೆತ ಎಲೆ, ಸತ್ತ ಏಡಿ ಎಲ್ಲ ದಡಕ್ಕೆ ಬಿತ್ತು. ಹಾಗೆ ಅಗೆಯುತ್ತ ತಾತ್ಸು ಅಜ್ಜಿಯ ಗದ್ದೆಯ ಬದು ಮುಟ್ಟಿದ್ದೇ ತಡ, ಅಷ್ಟೂ ಸಲಿಕೆಗಳು ಒಟ್ಟಿಗೆ ಮೇಲೆದ್ದವು. ಯಾರೂ ಹೇಳಲಿಲ್ಲ, ಸನ್ನೆ ಮಾಡಲಿಲ್ಲ. ಹೆಗಲಿಗೆ ಸಲಿಕೆ ಏರಿಸಿ, ಬಾಯಿ ಮುಚ್ಚಿ, ಹೆಣದ ಹಿಂದೆ ಹೋಗುವವರಂತೆ ಆ ಗದ್ದೆಯುದ್ದಕ್ಕೂ ನಡೆದು, ಆಚೆ ಬದು ದಾಟಿದ ಕೂಡಲೇ ಮತ್ತೆ ಇಳಿದು ಅಗೆಯತೊಡಗಿದರು. ಬಿಟ್ಟ ಮಾತು ಬಿಟ್ಟಲ್ಲಿಂದಲೇ ಶುರುವಾಯಿತು. ನೀರಿಗೂ ಅದೇ ದಾರಿ. ಈಚೆ ಬದುವಿನಲ್ಲಿ ದಪ್ಪ ಪೈಪೊಂದು ನೀರನ್ನು ನುಂಗಿ, ಗದ್ದೆಯನ್ನು ಬಳಸಿ, ಆಚೆ ಕಾರುತ್ತಿತ್ತು. ನಡುವಿನ ಹಳೇ ಕಾಲುವೆ ಹೂಳು ತುಂಬಿ ಸತ್ತು ಬಿದ್ದಿತ್ತು.

ವರ್ನಾ ಸಲಿಕೆ ಊರಿ ನಿಂತೇ ಇದ್ದಳು. "ಇಲ್ಲಿ ಬಾಕಿ ಉಳೀತಲ್ಲ," ಅಂತ ಕೂಗಿದಳು. ಒಬ್ಬರೂ ತಿರುಗಲಿಲ್ಲ. ಕಾನೆಶಿಗೆಯ ಹೆಂಡತಿ ಫುಜಿಯೆ ಬಂದು ಚಹಾ ಕೊಟ್ಟಳು. "ಬಿಸಿಲು ಜೋರು ಅಲ್ವಾ," ಅಂದಳು.

ಮರುದಿನ ವರ್ನಾ ಮಿಯೋಶಿಯವರನ್ನು ಅವರ ಕಾರಿನಲ್ಲೇ ಹಿಡಿದು ಕೂರಿಸಿ, ಅಜ್ಜಿಯ ಗದ್ದೆಯೊಂದನ್ನೇ ಯಾಕೆ ಬಿಟ್ಟರೆಂದು ಕೇಳಿದಳು. ಆ ಮನುಷ್ಯ ಗಾಜು ಏರಿಸಿ, ಎದುರಿನ ಗೋಡೆ ನೋಡುತ್ತ ಹೇಳಿದರು.

"ಬಹಿಷ್ಕಾರ. ಹಳೇದು. ಊರಿನ ವ್ಯವಹಾರ ಹತ್ತು ಅಂತ ಲೆಕ್ಕ ವರ್ನಾ ಟೀಚರ್. ಎಂಟಕ್ಕೆ ಆಯಮ್ಮನ್ನ ಸೇರಿಸಲ್ಲ, ಆಯಮ್ಮನ ಹತ್ರ ಮಾತಿಲ್ಲ. ಬೆಂಕಿ ಬಿದ್ರೆ, ಸತ್ರೆ, ಆ ಎರಡಕ್ಕೆ ಮಾತ್ರ ಹೋಗ್ತಾರೆ."

"ಯಾಕೆ ಆ ಎರಡಕ್ಕೆ?"

"ಬೆಂಕಿ ಪಕ್ಕದ ಮನೆಗೆ ಹಬ್ಬುತ್ತೆ. ಹೆಣ ನಾರುತ್ತೆ."

ಕಾರಣ ಇಷ್ಟು. ಪಟ್ಟಣದ ಕಾರ್ಖಾನೆಗಳ ಕಸ ಹೂಳಲು ಕಂಪನಿಯೊಂದು ಕಣಿವೆಯ ನೆತ್ತಿಯಲ್ಲಿ ಜಾಗ ಕೇಳಿತ್ತು. ಬದಲಿಗೆ ರಸ್ತೆ, ಸುರಂಗ ಕೊಡುತ್ತೇವೆಂದಿತ್ತು. ಎಲ್ಲ ಮನೆಗಳೂ ಒಪ್ಪಿಗೆಯ ಮುದ್ರೆ ಒತ್ತಿದವು. ದಾರಿಗೆ ಅಡ್ಡವಿದ್ದ ಕಾಡಿನ ಚೂರು ತಾತ್ಸುವಿನದು. ಅವಳು ಒತ್ತಲಿಲ್ಲ. ಕಂಪನಿ ಬೇರೆ ಊರಿನ ತಲೆ ಮೇಲೆ ಕಸ ಸುರಿಯಲು ಹೋಯಿತು. ಮುದುಕಿಯ ದೆಸೆಯಿಂದ ಕುರೆತಾನಿಯ ನೀರು ಉಳಿಯಿತು. ಉಳಿದ ಆ ನೀರನ್ನೇ ಊರು ಅವಳ ಗದ್ದೆ ತಪ್ಪಿಸಿ ಪೈಪಿನಲ್ಲಿ ಸಾಗಿಸಿತು. ನೀರಿನ ಹಕ್ಕು ಕಿತ್ತುಕೊಳ್ಳಲು ಕಾನೂನು ಬಿಡಲಿಲ್ಲ, ಹಾಗಾಗಿ ಹೂಳನ್ನು ಅವಳಿಗೆ ಬಿಟ್ಟರು. ವರ್ಷಾ ವರ್ಷಾ ಒಬ್ಬಳೇ ಅಗೆದು ನೀರು ತಿರುಗಿಸಿಕೊಳ್ಳುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳ ಮಂಡಿ ಹೋಯಿತು. ಈ ವರ್ಷ ಗದ್ದೆ ಬೀಳುಬೀಳುವುದನ್ನು ಊರು ಸದ್ದಿಲ್ಲದೆ ಕಾಯುತ್ತಿತ್ತು.

"ನಿಮ್ಮ ಕೆಲಸ ಇನ್ನೊಂದು ವರ್ಷಕ್ಕೆ ಮುಂದುವರೀಬೇಕಾದ್ರೆ ಊರಿನವರ ಅಭಿಪ್ರಾಯ ಕೇಳ್ತಾರೆ," ಅಂದರು ಮಿಯೋಶಿ, ಗೋಡೆಗೇ. "ನಾನೇನೂ ಹೇಳ್ತಿಲ್ಲ."

ವರ್ನಾ ಅವತ್ತು ಸಂಜೆಯಿಂದಲೇ ಕಾಲುವೆಗಿಳಿದಳು. ಹಳೇ ಹೂಳು ಒಣಗಿ ಹಂಚಿನಂತಾಗಿತ್ತು. ಅಂಗೈ ಬೊಬ್ಬೆ ಒಡೆದು ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳ ಕೈಲಿ ಬರೆಸಿದಳು. ಎಷ್ಟು ದಿನ ಅಗೆದರೂ ಆಗಿದ್ದು ಒಂದು ದನ ಮಲಗುವಷ್ಟು ಜಾಗ. ಸುತ್ತಲಿನ ಗದ್ದೆಗಳಲ್ಲಿ ನೀರು ನಿಂತು ಆಕಾಶ ಕಾಣತೊಡಗಿತು. ತಾತ್ಸುವಿನದು ಮಾತ್ರ ಬಿರುಕು ಬಿಟ್ಟು ಕೂತಿತ್ತು.

ತಾತ್ಸು ದಡದಲ್ಲಿ ಕೂತು ನೋಡುತ್ತಿದ್ದವಳು ಒಂದು ದಿನ ಅಂದಳು, "ಸಾಕು ಬಿಡವ್ವಾ. ಹಿಂಗೆ ಅಗೆದ್ರೆ ನೀರು ಬರೋದ್ರೊಳಗೆ ನೀನೂ ನನ್ನಂಗೆ ಬಗ್ಗಿರ್ತೀಯ."

"ಮತ್ತೆ ಗದ್ದೆ?"

"ಊರಿನವರು ಅಗೀತಾರೆ."

"ಅವರಾ? ಅವರು ನಿಮ್ಮ ಹತ್ರ ಉಗುಳೋಕೂ ಬರಲ್ಲ ಅಜ್ಜಿ."

"ಬರ್ತಾರೆ. ಭಾನುವಾರ ಮನೆ ಒಳಗೇ ಇರು. ನಾನು ಕೂಗಿದ ಮೇಲೆ ಬಾ."

ಭಾನುವಾರ ಬೆಳಿಗ್ಗೆ ಹೊಗೆ ವಾಸನೆಗೆ ವರ್ನಾ ಕೂಗುವುದನ್ನೂ ಕಾಯದೆ ಓಡಿ ಬಂದಳು. ಗದ್ದೆಯ ಕೊನೆಯಲ್ಲಿದ್ದ ಹುಲ್ಲಿನ ಕೊಟ್ಟಿಗೆ ಧಗಧಗ ಉರಿಯುತ್ತಿತ್ತು. ತಾತ್ಸು ಎದುರಿಗೆ ಕಲ್ಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಬೆಂಕಿಪೊಟ್ಟಣ.

"ಅಜ್ಜಿ, ನೀವೇ ಹಚ್ಚಿದ್ರಾ?"

"ನಂದೇ ಕೊಟ್ಟಿಗೆ. ಊರ ಗಂಟೆ ಹೊಡಿ ಹೋಗು."

ಗಾಳಿ ಗುಡ್ಡದ ಕಡೆ ಬೀಸುತ್ತಿತ್ತು. ಗುಡ್ಡದಲ್ಲಿ ದೇವದಾರು ಮರ, ಮರದಾಚೆ ಕಾನೆಶಿಗೆಯ ಮನೆ. ಮುದುಕಿ ಗಾಳಿ ನೋಡಿಯೇ ಹಚ್ಚಿದ್ದಳು. ಅವಳಿಗೆ ತಲೆ ಕೆಟ್ಟಿದೆಯೋ, ಊರಿನಲ್ಲಿ ತಲೆ ನೆಟ್ಟಗಿರುವುದು ಅವಳೊಬ್ಬಳಿಗೋ ವರ್ನಾಗೆ ಗೊತ್ತಾಗಲಿಲ್ಲ. ಓಡಿ ಹೋಗಿ ಗಂಟೆ ಹೊಡೆದಳು.

ಊರಿಗೆ ಊರೇ ಬಂತು. ಗಂಡಸರು ಅಗ್ನಿದಳದ ಕಡುನೀಲಿ ಅಂಗಿ ಏರಿಸಿಕೊಂಡು ಪಂಪು ಹೊತ್ತು ತಂದರು. ಮೇಲಿನ ಕಾಲುವೆಯಿಂದ ಕೊಳವೆ ಎಳೆದರೆ ಉದ್ದ ಸಾಲಲಿಲ್ಲ. ಮುಚ್ಚಿದ ಪೈಪಿನಿಂದ ನೀರೆತ್ತಲು ಬರುವುದಿಲ್ಲ. ಕೊಟ್ಟಿಗೆಯ ಪಕ್ಕದಲ್ಲೇ ಇದ್ದದ್ದು ಹೂಳು ತುಂಬಿದ ಹಳೇ ಕಾಲುವೆ. ಕಾನೆಶಿಗೆ ಒಂದು ಕ್ಷಣ ಅದನ್ನು ನೋಡಿದ, ಗುಡ್ಡ ನೋಡಿದ, ತನ್ನ ಮನೆಯ ಹಂಚು ನೋಡಿದ.

"ಅಗೀರೋ," ಅಂದ.

ವರ್ನಾ ಅಷ್ಟು ದಿನ ಕೆರೆದ ಹೂಳನ್ನು ಅಷ್ಟು ಜನ ಹಂದಿ ಉತ್ತಂತೆ ಕಿತ್ತೆಸೆದರು. ಕಾಲುವೆಯ ಬಾಯಿಗೆ ನೀರು ತಡೆಯಲು ಇಟ್ಟಿದ್ದ ಹಲಗೆ ಎತ್ತಿದೊಡನೆ ನೀರು ಬುಸುಗುಟ್ಟುತ್ತ ನುಗ್ಗಿತು. ಪಂಪು ಕೆಮ್ಮಿ ಶುರುವಾಯಿತು.

ಅದಕ್ಕಿಂತ ಅವಳನ್ನು ದಂಗುಬಡಿಸಿದ್ದು ಆಮೇಲಿನದು. ಜ್ವಾಲೆ ಇಳಿದು ಕೆಂಡ ಮಾತ್ರ ಉಳಿದಾಗ ಹೆಂಗಸರು ಅನ್ನದ ಉಂಡೆ ಹೊತ್ತು ತಂದರು. ಫುಜಿಯೆ ನೇರ ಬಂದು ತಾತ್ಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಉಂಡೆ ಕೈಗಿಟ್ಟಳು.

"ತಿನ್ನು ತಾತ್ಸಕ್ಕ. ಮಂಡಿ ಹೆಂಗಿದೆ?"

"ಬಗ್ಗಲ್ಲ. ನಿಂದು?"

"ನಂದು ಬಗ್ಗುತ್ತೆ, ಏಳಲ್ಲ. ನಮ್ಮ ಕಿರಿಯವನಿಗೆ ಮಗು ಆಯ್ತು, ಗೊತ್ತಾ?"

"ಅಳೋದು ಕೇಳಿಸ್ತಿತ್ತು. ಹೆಣ್ಣಾ?"

"ಹೆಣ್ಣು. ನಿನ್ನ ಹಂಗೇ, ಅತ್ರೆ ನಿಲ್ಲಿಸಲ್ಲ."

ನಲ್ಲಿ ತಿರುಗಿಸಿದಂತೆ ಮಾತು ಹರಿಯಿತು. ಯಾರೋ ಮದುವೆಯ ಸುದ್ದಿ ಹೇಳಿದರು, ಯಾರೋ ಉಪ್ಪಿನಕಾಯಿಯ ಹದ ಕೇಳಿದರು. ಇಷ್ಟು ವರ್ಷ ಇವಳನ್ನು ಕಂಬದಂತೆ ದಾಟಿ ಹೋದವರು. ವರ್ನಾ ಕೈಯಲ್ಲಿದ್ದ ಉಂಡೆ ಕಚ್ಚುವುದನ್ನು ಮರೆತು ನೋಡುತ್ತಿದ್ದಳು. ತಾತ್ಸು ಮಾತಾಡುತ್ತಲೇ ಕೋಲಿನ ತುದಿಯಿಂದ ಒಂದು ಕೆಂಡವನ್ನು ಮೆಲ್ಲಗೆ ಕೆದಕುತ್ತಿದ್ದಳು. ಬೂದಿ ಸರಿದು ಅದು ಮತ್ತೆ ಕೆಂಪಗಾಗುತ್ತಿತ್ತು. ಫುಜಿಯೆ ಅದನ್ನು ಕಂಡಳು. ಕಂಡು, ಇನ್ನೊಂದು ಸುದ್ದಿ ತೆಗೆದಳು.

ಕಾನೆಶಿಗೆ ಬಂದು ಆ ಕೆಂಡದ ಮೇಲೆ ಬಕೆಟ್ಟಿನ ನೀರು ಸುರಿದ. "ಆರಿತು," ಅಂದ, ಊರಿಗೆಲ್ಲ ಕೇಳುವಂತೆ.

ಫುಜಿಯೆ ಅರ್ಧ ಮಾತಿಗೆ ಬಾಯಿ ಮುಚ್ಚಿ ಎದ್ದಳು. ಎಲ್ಲರೂ ಎದ್ದರು. ತಾತ್ಸುವಿನ ಕಡೆ ಯಾರೂ ನೋಡಲಿಲ್ಲ. ಪಾತ್ರೆ, ಪಂಪು ಎತ್ತಿಕೊಂಡು ಹೋದರು.

"ಇವರೆಂಥ ಜನ ಅಜ್ಜಿ."

"ನೀರು ನೋಡೇ," ಅಂದಳು ತಾತ್ಸು. ಒಡೆದ ನೆಲ ನೀರು ಕುಡಿಯುವ ಸದ್ದು ಕೇಳುತ್ತಿತ್ತು. ಯಾರ ಮನೆಯಲ್ಲಿ ಬೆಂಕಿ ಬಿತ್ತೋ ಅವರು ಮನೆಮನೆಗೆ ಹೋಗಿ ಕ್ಷಮೆ ಕೇಳುವುದು ಅಲ್ಲಿನ ರಿವಾಜು. ಸಂಜೆ ವರ್ನಾಳ ಹೆಗಲು ಹಿಡಿದು ಅವಳು ಪ್ರತಿ ಬಾಗಿಲಿಗೂ ಹೋದಳು. ಬಾಗಿಲು ತೆರೆಯದೆ ಅವರಿಗೆ ವಿಧಿಯಿರಲಿಲ್ಲ. ಕಾನೆಶಿಗೆ ತನ್ನ ಹೊಸ್ತಿಲಲ್ಲಿ ನಿಂತು ಹಲ್ಲು ಕಚ್ಚಿ ಅಂದ, "ಸುಡೋಕೆ ಇನ್ನೇನೂ ಉಳಿದಿಲ್ಲ ತಾನೆ?"

"ಮನೆ ಐತಲ್ಲಪ್ಪ," ಅಂದಳು ಮುದುಕಿ, ಬಗ್ಗಿ ನಮಸ್ಕರಿಸುತ್ತ. "ಅದೂ ಮುಗಿದ್ರೆ ನನ್ನ ಹೆಣ ಐತೆ."

ಆ ವರ್ಷ ನಾಟಿ ತಪ್ಪಲಿಲ್ಲ. ವರ್ನಾಳ ಕೆಲಸವೂ ತಪ್ಪಲಿಲ್ಲ. ಊರಿನವರನ್ನು ಕೇಳಿದಾಗ ಟೀಚರಮ್ಮ ಸಲಿಕೆ ಚೆನ್ನಾಗಿ ಹಿಡಿಯುತ್ತಾರೆ ಅಂದರಂತೆ. ಮಿಯೋಶಿ ತಲೆದೂಗಿದರು. ಬಾಗಿಲಿಗೆ ತರಕಾರಿ ಬರಲಿಲ್ಲ. ಮೂಲಂಗಿಯನ್ನು ಅವಳೇ ಬೆಳೆದಳು.

ಮುಂದಿನ ವಸಂತದಲ್ಲಿ ಮತ್ತೆ ಹೂಳೆತ್ತುವ ಭಾನುವಾರ ಬಂತು. ತಾತ್ಸುವಿನ ಬದು ಮುಟ್ಟಿದೊಡನೆ ಸಲಿಕೆಗಳು ಎಂದಿನಂತೆ ಮೇಲೆದ್ದವು. ವರ್ನಾ ಒಬ್ಬಳೇ ಇಳಿಯಲು ಸೆರಗು ಕಟ್ಟುವಂತೆ ಅಂಗಿಯ ತುದಿ ಸಿಕ್ಕಿಸಿದಳು. ಕಾನೆಶಿಗೆ ಮುದುಕಿಯ ಮನೆಯ ಕಡೆ ನೋಡಿದ. ಜಗಲಿಯ ಮೇಲೆ ತಾತ್ಸು ಕೂತಿದ್ದಳು, ಪಕ್ಕದಲ್ಲಿ ಒಣಹುಲ್ಲಿನ ಕಟ್ಟು.

ಅವನು ಚೀಲ ಬಿಚ್ಚಿ ಅಗ್ನಿದಳದ ನೀಲಿ ಅಂಗಿ ತೆಗೆದು ಹಾಕಿಕೊಂಡ. ಅವನ ಹಿಂದೆ ಎಲ್ಲರೂ ತಮ್ಮ ತಮ್ಮ ಚೀಲದಿಂದ ತೆಗೆದು ಹಾಕಿಕೊಂಡರು. ಮೊದಲೇ ತೀರ್ಮಾನ ಮಾಡಿ ತಂದಿದ್ದರು.

"ಇದು ಕಾಲುವೆ ಕೆಲಸ ಅಲ್ಲ, ಗೊತ್ತಾಯ್ತಾ," ಅಂದ ಕಾನೆಶಿಗೆ, ಯಾರಿಗೆ ಅಂತಿಲ್ಲದೆ. "ಬೆಂಕಿ ಮುನ್ನೆಚ್ಚರಿಕೆ."

ಆ ಗದ್ದೆಯುದ್ದಕ್ಕೂ ಒಂದು ಮಾತಿಲ್ಲದೆ ಅಗೆದರು. ಆಚೆ ಬದು ದಾಟಿ ಅಂಗಿ ಕಳಚಿ ಮಡಿಸಿ ಚೀಲಕ್ಕೆ ತುಂಬಿದರು. ಆಮೇಲೆ ನಗು, ಮಾತು. ಫುಜಿಯೆ ಚಹಾ ತಂದಳು. ವರ್ನಾ ಬಾಯಿ ತೆರೆದು ನಿಂತವಳು ನಿಂತೇ ಇದ್ದಳು.

"ಬಾಯಿಗೆ ನೊಣ ಹೋಗುತ್ತೆ ಕಣೇ," ಅಂತ ತಾತ್ಸು ಜಗಲಿಯಿಂದ ಕೂಗಿದಳು. "ಹಲಗೆ ಎತ್ತು."